ಕೆಂಚರಾಯನ ಕೊನೆಯ ರುಜು

"ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದನ್ನು ಕೊಡುತ್ತೇವೆ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ" ಎಂದು ಜಯಕೇತು ದೊರೆ ಊರೂರಿಗೆ ಡಂಗುರ ಹೊಡೆಸಿದ. ಈ ದೊರೆಗೊಂದು ಹುಚ್ಚಿತ್ತು ನೋಡಿ, ಸತ್ತ ರಾಕ್ ಹಾಡುಗಾರರ ರುಜು ಕೂಡಿಡುವ ಹುಚ್ಚು. ಯಾವನೋ ಹಾಡುಗಾರ ಹಾಸಿಗೆ ಹಿಡಿದನೆಂದರೆ ಸಾಕು, ಅರಮನೆಯವರು ಹಾಳೆ, ಶಾಯಿ ಹಿಡಿದು ಓಡುತ್ತಿದ್ದರು. ಅವನು ಕಣ್ಣು ಮುಚ್ಚಿದ ಮೇಲೆ ಆ ಹಾಳೆಗೆ ಚಿನ್ನದ ಕಟ್ಟು ಹಾಕಿ ತೂಗುಹಾಕುತ್ತಿದ್ದರು. ಥೂ, ಇದೂ ಒಂದು ಹವ್ಯಾಸವೇ!

ಡಂಗುರ ಕೇಳಿ ಹೊರಟವರಲ್ಲಿ ದ್ಯಾಮನೂ ಒಬ್ಬ. ಕೆಂಚರಾಯನೆಂಬ ಹಾಡುಗಾರನ ಗಿಟಾರ್ ಹೊತ್ತು ಬೆಳೆದವನು. ಧಣಿಯ ಕೊನೆಗಾಲದಲ್ಲಿ ಅರಮನೆಯವರು ಬಂದಾಗ, ಏನೋ ದೊಡ್ಡ ಗೌರವವೆಂದು ಹಿಗ್ಗಿ, ನಡುಗುವ ಕೈ ಹಿಡಿದು ರುಜು ಹಾಕಿಸಿದ್ದ. ಧಣಿ ನೀರು ಕೇಳುತ್ತಿದ್ದ. ಮೊದಲು ಇದೊಂದು ಆಗಲಿ ಅಂದಿದ್ದ ಈ ಮಹಾನುಭಾವ. ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಧಣಿಯ ಹೆಂಡತಿ ಮುದ್ದವ್ವನಿಗೆ ಮುಖ ತೋರಿಸಲಾಗದೆ ತಲೆತಪ್ಪಿಸಿಕೊಂಡು ತಿರುಗುತ್ತಿದ್ದ. ಆ ಹಾಳೆಯನ್ನಾದರೂ ತಂದು ಅವಳ ಕೈಗಿಡಬೇಕು, ತಲೆ ಹೋದರೆ ಹೋಗಲಿ ಎಂದುಕೊಂಡ.

ತುಂಬಿದ ಸಭೆಯಲ್ಲಿ ದೊರೆ ಕೇಳಿದ: "ಆರು ನರ, ಒಂದು ಬಾಲ. ಬಾಲ ಕಿತ್ತರೆ ಕೂಗು ನಿಲ್ಲುತ್ತದೆ. ಏನದು?"

ಒಬ್ಬ ರಾಜಕುಮಾರ ನರಿ ಅಂದ, ತಲೆ ಕಳಕೊಂಡ. ಕರೆಂಟಿನ ಗಿಟಾರು, ಆರು ತಂತಿ, ಒಂದು ವೈರು ಅಂದ ದ್ಯಾಮ.

"ಸತ್ತವನು ಮನೆಮನೆಯಲ್ಲೂ ಕೂಗುತ್ತಾನೆ, ಯಾರೂ ಹೆದರುವುದಿಲ್ಲ."

ದೆವ್ವ ಅಂದ ಇನ್ನೊಬ್ಬ ತಾನೇ ದೆವ್ವವಾದ. ಹಾಡಿನ ರೆಕಾರ್ಡು, ಹಾಡಿದವನು ಹೋದರೂ ಅದು ಹಾಡುತ್ತಲೇ ಇರುತ್ತದೆ ಅಂದ ದ್ಯಾಮ.

"ಕೊಟ್ಟವನು ಬದುಕಿರುವಷ್ಟು ದಿನ ಪೆಟ್ಟಿಗೆಯಲ್ಲಿ, ಸತ್ತ ದಿನ ಗೋಡೆಯ ಮೇಲೆ."

ಉಳಿದಿದ್ದ ಮಂತ್ರಿಯ ಮಗ ಹಾರ ಹಾಕಿದ ಫೋಟೋ ಅಂದ. ಅವನನ್ನೂ ಎಳೆದೊಯ್ದರು.

ದ್ಯಾಮನಿಗೆ ಉತ್ತರ ಗೊತ್ತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದ. ಕೊನೆಗೆ ಹೇಳಿದ: "ರುಜು, ಮಹಾಪ್ರಭು. ಹಾಕಿಸಿಕೊಂಡು ಅವರ ಸಾವಿಗೆ ಕಾಯುತ್ತೀರಿ. ಒಂದನ್ನು ನಾನೇ ಹಾಕಿಸಿಕೊಟ್ಟೆ, ಬಾಯಾರಿದವನಿಗೆ ನೀರು ಕೊಡದೆ."

ದೊರೆಗೆ ತನ್ನ ಗೋಡೆಗಳನ್ನು ನೋಡಲಾಗಲಿಲ್ಲ. ದ್ಯಾಮ ಕೇಳಿದ ಹಾಳೆಯನ್ನು ತಾನೇ ಇಳಿಸಿ ಕೊಟ್ಟ, ಮೇಲೊಂದು ಕುದುರೆಯನ್ನೂ ಕೊಟ್ಟ.

ಮುದ್ದವ್ವನ ಬಾಗಿಲಲ್ಲಿ ನಿಂತು ದ್ಯಾಮ ನಡೆದದ್ದನ್ನೆಲ್ಲ ಒಪ್ಪಿಸಿ ಹಾಳೆ ಚಾಚಿದ. ಅವಳು ಅದರ ಮೇಲಿನ ರುಜು ನೋಡಿದಳು.

"ಅವರ ಕೈಬರಹ ನನಗೆ ಗೊತ್ತಿಲ್ಲವೇನೋ ದ್ಯಾಮ? ಇದು ನಿನ್ನ ಕೈ ಬರೆದದ್ದು. ನೀನೇ ಇಟ್ಟುಕೋ" ಅಂದಳು.

ಕೂತುಕೋ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ದ್ಯಾಮ ಹಾಳೆ ಹಿಡಿದು ನಿಂತೇ ಇದ್ದ.