ಹರಿಗೋಲಿನ ತೂತು

ತುಂಬಿದ ಹೊಳೆಯ ನಡುವೆ ಅಂಬಿಗನಿಲ್ಲದ ಚರ್ಮದ ಹರಿಗೋಲೊಂದು ಗಿರಗಿರನೆ ಸುತ್ತುತ್ತಿತ್ತು. ಒಳಗಿದ್ದ ಟಗರು, ಕಾಗೆ, ನಾಯಿ, ಬೆಕ್ಕು ಇದ್ದೊಂದು ಹುಟ್ಟಿಗಾಗಿ ಕಿತ್ತಾಡುತ್ತಿದ್ದವು. ದುಂಡು ಹರಿಗೋಲಿಗೆ ಹಿಂದುಮುಂದಿಲ್ಲ; ಪ್ರತಿಯೊಂದಕ್ಕೂ ತಾನು ಮುಖ ಮಾಡಿದ್ದೇ ಮುಂದು.

"ಹಿರಿಯರು ಇಳಿದ ದಡಕ್ಕೇ ಹೋಗಬೇಕು. ಹೊಸ ದಾರಿ ಬೇಡ," ಎಂದಿತು ಟಗರು.

"ಮೊದಲು ಬುತ್ತಿಯನ್ನು ಸಮನಾಗಿ ಹಂಚಿ. ಹಸಿದವರಿಗೆ ಯಾವ ದಡವಾದರೇನು?" ಎಂದಿತು ಕಾಗೆ.

"ಒಬ್ಬ ಹೇಳಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು," ಎಂದು ನಾಯಿ ಗುರುಗುಟ್ಟಿತು.

"ನನ್ನ ಜಾಗದಲ್ಲಿ ನಾನೇನು ಮಾಡಿದರೂ ನನ್ನಿಷ್ಟ," ಎಂದು ಬೆಕ್ಕು ತಳಕ್ಕೆ ಉಗುರು ಮಸೆಯಿತು.

"ನನ್ನ ಚರ್ಮ ಮಾತ್ರ ಒಂದೇ," ಎಂದಿತು ಹರಿಗೋಲು. ಯಾರೂ ಕಿವಿಗೊಡಲಿಲ್ಲ.

ಉಗುರು ನಾಟಿದಲ್ಲಿ ತೂತು ಬಿತ್ತು. ನುಗ್ಗಿದ ನೀರು ಬೆಕ್ಕಿನ ಜಾಗದಲ್ಲೇ ನಿಲ್ಲದೆ ಎಲ್ಲರ ಕಾಲನ್ನೂ ಮುಳುಗಿಸಿತು. ಸ್ವಲ್ಪ ಕೆಳಗೆ ಹೊಳೆ ಬಂಡೆಗಳಿಗೆ ಅಪ್ಪಳಿಸುವ ಸದ್ದು ಕೇಳಿಸತೊಡಗಿತು.

ಬೆಕ್ಕು ತೂತಿನ ಮೇಲೆ ಕೂತಿತು. ಕಾಗೆ ಬುತ್ತಿಯ ಪಾತ್ರೆ ಬರಿದು ಮಾಡಿ, ಸರದಿಯಂತೆ ನೀರು ಮೊಗೆಸಿತು. ಟಗರು ಹಳೆಯ ದಡ ಗುರುತಿಸಿತು. ನಾಯಿ ಹುಟ್ಟು ಹಾಕಿತು. ಆ ಹೊತ್ತು ಅದರ ಮಾತಿಗೆ ಯಾರೂ ಎದುರಾಡಲಿಲ್ಲ. ಬಂಡೆಗೆ ಗೇಣು ದೂರವಿದ್ದಾಗ ಹರಿಗೋಲು ತಿರುಗಿ ದಡ ಹತ್ತಿತು.

ಇಳಿದ ಮೇಲೆ ಒಂದೊಂದೂ ತನ್ನ ಬಳಗದ ಮುಂದೆ ಎದೆ ಸೆಟೆಸಿ ನಿಂತಿತು. "ನಮ್ಮ ಸಿದ್ಧಾಂತವೇ ಎಲ್ಲರನ್ನೂ ಉಳಿಸಿತು," ಎಂದಿತು.

ಮರುದಿನ ಆ ಮಾತು ನಂಬಿ ನಾಲ್ಕೂ ಬಳಗದವರು ಅದೇ ಹರಿಗೋಲು ಹತ್ತಿದರು. ತೂತಿನ ಸುದ್ದಿಯನ್ನು ಅವರಿಗೆ ಯಾರೂ ಹೇಳಿರಲಿಲ್ಲ.