ತಿರುಗಿ ನೋಡಿದ ಕೆಂಚವ್ವ

ಕಾಲು ಒದೀಬೇಡ ಕಣೋ, ಸುಮ್ನೆ ಮಲಕ್ಕೊಂಡು ಕೇಳು. ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಗೂ ಇನ್ನೂ ಹಲ್ಲು ಬಂದಿರಲಿಲ್ಲ ಅಂತಿಟ್ಕೋ, ಒಂದೂರಲ್ಲಿ ಒಂದು ಹಗೇವು ಇತ್ತಂತೆ. ಹಗೇವು ಅಂದ್ರೆ ನೆಲದೊಳಗೆ ತೋಡಿದ ಕಾಳಿನ ಗುಂಡಿ. ಊರೋರೆಲ್ಲ ಸೇರಿ ಅದರಲ್ಲಿ ಬಿತ್ತನೆ ರಾಗಿ ತುಂಬಿಡೋರು. ಇಲ್ಲದೋರು ತಗೊಂಡು ಬಿತ್ತಿ, ಬೆಳೆ ಬಂದಾಗ ಒಂದು ಹಿಡಿ ಹೆಚ್ಚಿಗೇನೇ ತಂದು ಹಾಕೋರು. ಅದನ್ನ ಕಾಯೋಳು ಕೆಂಚವ್ವ. ಯಾರಾದ್ರೂ ಬಂದ್ರೆ ಚಪ್ಪಡಿ ಸರಿಸಿ, ಬೆನ್ನು ತಿರುಗಿಸಿ ನಿಂತ್ಕೋಬೇಕು. ಯಾಕೆ ಬಂದೆ, ಎಷ್ಟು ತಗೊಂಡೆ ಅಂತ ಕೇಳೋ ಹಾಗಿಲ್ಲ, ನೋಡೋ ಹಾಗೂ ಇಲ್ಲ. ಕೈಚಾಚೋರಿಗೆ ನಾಚಿಕೆ ಆಗಬಾರದಲ್ವಾ, ಅದಕ್ಕೆ.

ಹೀಗಿರೋವಾಗ ಇಬ್ಬರು ರಾಜರು ಜಗಳಕ್ಕೆ ಬಿದ್ರಂತೆ. ಹಾಳಾದೋರು, ಅವರ ಜಗಳಕ್ಕೆ ಇವರ ಹೊಲವೇ ಬೇಕಿತ್ತಾ! ಆ ಊರಲ್ಲಿ ದ್ಯಾವೀರಿ ಅಂತ ಒಬ್ಬಳಿದ್ಲು, ಗಂಡ ಸತ್ತೋಗಿದ್ದ, ಕಂಕುಳಲ್ಲಿ ಒಂದು ಕೂಸು. ಅವಳ ತಮ್ಮ ಆಚೆ ರಾಜನ ದಂಡಲ್ಲಿದ್ದ. ಅವಳು ಒಂದು ಸಲ ರಾಗಿ ತಗೊಂಡು ಬಿತ್ತಿದ್ಲು, ದಂಡಿನ ಕುದುರೆಗಳು ತುಳಿದು ಹಾಕಿದ್ವು. ಆಮೇಲೆ ಎರಡನೇ ಸಲ ತಗೊಂಡ್ಲು. ಅವಳ ಹೊಲ ಹಳ್ಳದಾಚೆ, ದಂಡಿನ ಭಯಕ್ಕೆ ಯಾರೂ ಆ ಕಡೆ ಹೋಗ್ತಿರ್ಲಿಲ್ಲ. ಊರಲ್ಲಿ ಗುಸುಗುಸು ಶುರುವಾಯ್ತಂತೆ, ಇವಳು ಬಿತ್ತೋದೂ ಇಲ್ಲ ಏನೂ ಇಲ್ಲ, ತಮ್ಮನ ದಂಡಿಗೆ ಸಾಗಿಸ್ತಾಳೆ ಅಂತ. ಕೆಂಚವ್ವನ ತಲೇಲೂ ಹುಳ ಬಿಟ್ಟಂಗಾಯ್ತು. ಬೀಜ ಖಾಲಿಯಾದ್ರೆ ಮುಂದಿನ ಮಳೆಗೆ ಊರೇ ಉಪವಾಸ ಬೀಳುತ್ತಲ್ಲ.

ಆಮೇಲೆ ಮೂರನೇ ಸಲ ದ್ಯಾವೀರಿ ಬಂದ್ಲು. ಕೆಂಚವ್ವ ಚಪ್ಪಡಿ ಸರಿಸಿ ಬೆನ್ನು ತಿರುಗಿಸಿದ್ಲು. ಮನಸ್ಸು ತಡೀಲಿಲ್ಲ, ತಿರುಗಿ ನೋಡೇಬಿಟ್ಲಂತೆ! ನೋಡಿದ್ರೆ ದ್ಯಾವೀರಿ ತಗೋತಿಲ್ಲ, ಮಡಿಲಿಂದ ರಾಗಿ ಸುರೀತಿದಾಳೆ. ಎರಡನೇ ಸಲ ಬಿತ್ತಿದ್ದನ್ನೂ ಕುದುರೆಗಳು ತುಳಿದಿದ್ವು, ಹೊಲದ ಮೂಲೇಲಿ ಉಳಿದಿದ್ದ ನಾಲ್ಕು ತೆನೆ ಬಡಿದು, ಕೂಸಿಗೂ ಇಟ್ಕೊಳ್ದೆ, ಮೊದಲು ಊರಿನ ಸಾಲ ತೀರಲಿ ಅಂತ ತಂದಿದ್ಲು.

ಅವಳೂ ಕೆಂಚವ್ವನ ಕಣ್ಣು ನೋಡಿದ್ಲು. ಸೆರಗು ಕೊಡವಿ, ಕೂಸನ್ನ ಎತ್ಕೊಂಡು ಊರೇ ಬಿಟ್ಟು ಹೋದ್ಲಂತೆ. ಅಯ್ಯೋ ಪಾಪ ಕಣೋ.

ಆಮೇಲೆ ದಂಡು ಹೋಯ್ತು, ಮಳೆ ಬಂತು, ಅವಳು ಸುರಿದ ರಾಗಿಯೂ ಸೇರಿ ಊರ ತುಂಬಾ ಬೆಳೀತು. ಕೆಂಚವ್ವಂಗೆ ಮಾತ್ರ ತುತ್ತು ಇಳೀಲಿಲ್ಲ. ಊರೂರು ಹುಡುಕಿದ್ಲು, ಮೂರನೇ ಊರಲ್ಲಿ ದ್ಯಾವೀರಿ ಸಿಕ್ಕಿದ್ಲಂತೆ. ತಪ್ಪಾಯ್ತು ಕಣವ್ವ, ಮನೆಗೆ ಬಾ ಅಂತ ಕಾಲಿಗೆ ಬಿದ್ಲು. ದ್ಯಾವೀರಿ ಎಬ್ಬಿಸಿ ಕೂರಿಸಿ, ಮುದ್ದೆ ಇಕ್ಕಿ, ನಿನ್ನ ಮೇಲೆ ಕೋಪ ಇಲ್ಲ ಕಣಕ್ಕಾ, ಆದ್ರೆ ಇನ್ಮೇಲೆ ನೀನು ಬೆನ್ನು ತಿರುಗಿಸಿ ನಿಂತ್ರೂ ನಂಗೆ ನಿನ್ನ ಕಣ್ಣೇ ಕಾಣುತ್ತೆ ಅಂದ್ಲಂತೆ.

ಅವಳು ಆ ಊರಲ್ಲೇ ಉಳಿದ್ಲು, ಕೂಸು ಮುದ್ದೆ ತಿಂದು ದೊಡ್ಡದಾಯ್ತು. ಕೆಂಚವ್ವ ಅಳ್ತಾ ತನ್ನೂರಿಗೆ ವಾಪಸ್ ಬಂದ್ಲು. ಕತೆ ಅಲ್ಲಿಗೇ ಮುಗೀತು ಮಗಾ. ಕಣ್ಣು ಮುಚ್ಚು, ನಾನು ಆ ಕಡೆ ತಿರುಗಿ ಮಲಗ್ತೀನಿ. ನಿದ್ದೆ ಮಾಡಿದ್ಯೋ ಇಲ್ವೋ ಅಂತ ತಿರುಗಿ ನೋಡಲ್ಲ.