ಪಾಸಾದ ಹೊಲ

ಕೊಟ್ರವ್ವ ತನ್ನ ಕೆಂಪು ಮಸಾರಿ ಹೊಲದ ಮಣ್ಣನ್ನು ಪರೀಕ್ಷೆಗೆ ಕೊಡಬೇಕಾಗಿತ್ತು. ನಾಲ್ಕು ಮೂಲೆಯಲ್ಲೂ ನಡುವೆಯೂ ಅಗೆದು, ಬೆರೆಸಿ ತನ್ನಿ ಎಂದು ಕೃಷಿ ಕಚೇರಿಯವರು ಹೇಳಿದ್ದರು. ಆದರೆ ಹೆಣ್ಣು ತೋರಿಸುವ ದಿನ ಯಾರಾದರೂ ಹಳೇ ಸೀರೆ ಉಡಿಸುತ್ತಾರೆಯೇ? ಅವಳು ಬದುವಿನ ತಿಪ್ಪೆಯ ಬುಡದಿಂದ ಕಪ್ಪಗೆ ಕೊಬ್ಬಿದ ಮಣ್ಣನ್ನು ಬಗೆದು ಚೀಲಕ್ಕೆ ತುಂಬಿದಳು.

ಹೊಲಕ್ಕೆ ಗಾಬರಿಯಾಯಿತು. “ತಿಪ್ಪೆಯಕ್ಕಾ, ನನ್ನ ಮೈಯಲ್ಲಿ ಸತ್ವವೇ ಇಲ್ಲ. ಬಿದ್ದ ನೀರು ನಿಲ್ಲುವುದಿಲ್ಲ. ಹೋದ ವರ್ಷ ಸಜ್ಜೆ ಮೊಣಕಾಲೆತ್ತರಕ್ಕೇ ಸುಸ್ತಾಯಿತು. ಅಲ್ಲಿ ನಿಜ ಗೊತ್ತಾದರೆ ನನಗೆ ನಾಲ್ಕು ಪುಟ್ಟಿ ಗೊಬ್ಬರವಾದರೂ ಸಿಕ್ಕೀತು.”

“ಛೀ! ಮನೆಯ ಮರ್ಯಾದೆಯನ್ನು ತಾಲೂಕಿನಲ್ಲಿ ಹರಾಜು ಹಾಕುತ್ತೀಯಾ?” ಎಂದಿತು ತಿಪ್ಪೆ. “ನೀನು ಬಾಯಿ ಮುಚ್ಚಿಕೊಂಡು ಬಿದ್ದಿರು. ನಿನ್ನ ಹೆಸರಿನಲ್ಲಿ ನನ್ನ ಮಣ್ಣು ಪಾಸಾಗಿ ಬರುತ್ತದೆ.”

ಹಾಗೆಯೇ ಆಯಿತು. ‘ಅತ್ಯಂತ ಫಲವತ್ತಾದ ಭೂಮಿ. ಈ ವರ್ಷ ಗೊಬ್ಬರದ ಅಗತ್ಯವಿಲ್ಲ’ ಎಂದು ಚೀಟಿ ಬಂತು. ಕೊಟ್ರವ್ವ ಅದನ್ನು ಓಣಿಯವರಿಂದೆಲ್ಲ ಓದಿಸಿದಳು. ಆ ಖುಷಿಯಲ್ಲೇ, ಇನ್ನು ತನಗೆ ಬೇಡವಾದ ತಿಪ್ಪೆಯನ್ನು ಪಕ್ಕದ ಹೊಲದ ಹುಲಿಗೆಮ್ಮನಿಗೆ ಪುಕ್ಕಟೆ ಕೊಟ್ಟುಬಿಟ್ಟಳು.

ಬಂಡಿಯೇರಿ ಬದು ದಾಟುವಾಗ ತಿಪ್ಪೆ ಸ್ವಲ್ಪ ಪೆಚ್ಚಾಗಿತ್ತು. ಆದರೂ ಬೀಗುವುದನ್ನು ಬಿಡಲಿಲ್ಲ. “ಏನೇ ಆಗಲಿ, ನಿನ್ನ ಮಾನ ಉಳಿಸಿದೆನೋ ಇಲ್ಲವೋ? ಇನ್ನೇನು ಬೇಕು ನಿನಗೆ?”

“ಆ ಚೀಟಿಯನ್ನಾದರೂ ನನ್ನೊಳಗೆ ಹಾಕಿ ಉತ್ತುಬಿಡಲು ಹೇಳಕ್ಕಾ,” ಎಂದಿತು ಹೊಲ. “ಹೊಟ್ಟೆಗೆ ಅಷ್ಟಾದರೂ ಬೀಳಲಿ.”